ಹನ್ನೊಂದು ಗಂಟೆಯ ನಂತರ ನಡುಗುವ ಅಂಚು: ಸೆಮ್ ಚಿತ್ರದ ದೋಷ ಹುಡುಕುವ ಬಗೆ

ನಮ್ಮ ಪ್ರಯೋಗಾಲಯದ ಲಾಗ್ ಪುಸ್ತಕ ತೆರೆದರೆ ಪುಟಪುಟಕ್ಕೂ ಕಾಣುವ ವಾಕ್ಯ ಒಂದೇ: "ಇಮೇಜ್ ಸರಿಯಾಗಿ ಬರುತ್ತಿಲ್ಲ." ಪಕ್ಕದಲ್ಲಿ ತಾರೀಖು ಮತ್ತು ಸಹಿ. ಎಷ್ಟು ಕಿಲೋವೋಲ್ಟ್ ಇಟ್ಟಿದ್ದರು, ಎಷ್ಟು ಪಟ್ಟು ಹಿಗ್ಗಿಸಿದ್ದರು, ಚಿತ್ರ ಮಂಕಾಗಿತ್ತೋ, ಒಂದು ಕಡೆ ಜಾರುತ್ತಿತ್ತೋ, ಅಂಚುಗಳು ಗರಗಸದ ಹಲ್ಲಿನಂತಾಗಿದ್ದವೋ, ಒಂದೂ ಇಲ್ಲ. ಆ ವಾಕ್ಯ ಓದಿ ದೋಷ ಹುಡುಕಲು ಹೊರಡುವುದೆಂದರೆ "ಮೈಯಲ್ಲಿ ಹುಷಾರಿಲ್ಲ" ಎಂದಷ್ಟೇ ಹೇಳಿದವರಿಗೆ ಔಷಧಿ ಬರೆದುಕೊಡುವ ಹಾಗೆ.

ಬೆಳಗಾವಿಯಲ್ಲಿರುವ ನಮ್ಮ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ನಾವೆಲ್ಲ ಕರೆಯುವಂತೆ ಸೆಮ್, ಟಂಗ್‌ಸ್ಟನ್ ತಂತಿಯಿಂದ (ಫಿಲಮೆಂಟ್) ಹೊರಟ ಎಲೆಕ್ಟ್ರಾನ್ ಕಿರಣವನ್ನು ಸ್ಯಾಂಪಲಿನ ಮೇಲೆ ಸಾಲುಸಾಲಾಗಿ ಹಾಯಿಸಿ ಚಿತ್ರ ತೆಗೆಯುವ ಸಾಧಾರಣ ಯಂತ್ರ. ಎಲೆಕ್ಟ್ರಾನನ್ನು ನೂಕುವ ವೋಲ್ಟೇಜು 30 ಕಿಲೋವೋಲ್ಟ್‌ವರೆಗೆ ಹೋಗುತ್ತದೆ. ಅದನ್ನು ಹಲವು ವಿಭಾಗದವರು ಹಂಚಿಕೊಂಡು ಬಳಸುತ್ತಾರೆ. ಉದ್ಯಮಬಾಗದ ಫೌಂಡ್ರಿಗಳಿಂದ ಮುರಿದ ಎರಕದ ತುಂಡು ಬರುತ್ತದೆ. ವಿಜಯಪುರದ ಕಡೆಯಿಂದ ಬೂದಿ ರೋಗ ಹತ್ತಿದ ದ್ರಾಕ್ಷಿ ಎಲೆ, ಬಾಗಲಕೋಟೆಯಿಂದ ಸಿಮೆಂಟಿನ ಪುಡಿ, ಬಾದಾಮಿಯ ಮರಳುಗಲ್ಲಿನ ಚೂರು, ಒಮ್ಮೊಮ್ಮೆ ಗುಳೇದಗುಡ್ಡದ ಖಣದ ನೂಲೂ ಬರುತ್ತದೆ. ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಹಿಂದಿನವರು ಏನನ್ನು ತಿರುಗಿಸಿಟ್ಟು ಹೋದರು ಎಂಬುದು ಗೊತ್ತಿರುವುದಿಲ್ಲ. ಚಿತ್ರ ಕೆಟ್ಟರೆ ಕೈ ತಾನಾಗಿ ಕಿರಣದ ದುಂಡನೆಯ ಆಕಾರ ಸರಿಪಡಿಸುವ ಸ್ಟಿಗ್ಮೇಟರ್ ಗುಂಡಿಯ ಕಡೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ದೋಷ ಸ್ಯಾಂಪಲಿನದ್ದಾದರೂ ಕೋಣೆಯದ್ದಾದರೂ ಶಿಕ್ಷೆ ಮಾತ್ರ ಕಿರಣ ಹಾದುಬರುವ ಕೊಳವೆಗೆ, ಅಂದರೆ ಕಾಲಮ್ಮಿಗೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಂದು ದೋಷದ ಜಾಗದಲ್ಲಿ ಎರಡು ದೋಷ ನಿಂತಿರುತ್ತವೆ.

ಆದ್ದರಿಂದ ಗುಂಡಿ ಮುಟ್ಟುವ ಮೊದಲು ದೋಷದ ಮನೆ ಯಾವುದೆಂದು ಗೊತ್ತು ಮಾಡಿಕೊಳ್ಳಬೇಕು. ಮನೆಗಳು ಮೂರೇ: ಸ್ಯಾಂಪಲ್, ಯಂತ್ರದ ಕಾಲಮ್, ಯಂತ್ರ ನಿಂತ ಕೋಣೆ.

ಮೊದಲು ತವರದ ಗೋಲಿ

ನಮ್ಮ ಡೆಸಿಕೇಟರಿನಲ್ಲಿ (ತೇವ ತಾಗದಂತೆ ಇಡುವ ಪಾತ್ರೆ) ಕೆಂಪು ಚುಕ್ಕೆ ಇಟ್ಟ ಒಂದು ಸ್ಟಬ್ (ಸ್ಯಾಂಪಲ್ ಅಂಟಿಸುವ ಲೋಹದ ಬಿಲ್ಲೆ) ಇದೆ. ಇಂಗಾಲದ ಮೇಲೆ ತವರದ ಸಣ್ಣ ಸಣ್ಣ ಗೋಲಿಗಳಿರುವ ಪ್ರಮಾಣ ಸ್ಯಾಂಪಲ್ ಅದು. ಗೋಲಿಗಳು ದುಂಡಗಿರುವುದೇ ಅದರ ಗುಣ. ದುಂಡಗಿರಬೇಕಾದ್ದು ಮೊಟ್ಟೆಯಂತೆ ಕಂಡರೆ ಕಣ್ಣು ತಕ್ಷಣ ಹಿಡಿಯುತ್ತದೆ. ಪ್ರತಿ ದಿನ ಬೆಳಗ್ಗೆ 20 ಕಿಲೋವೋಲ್ಟ್, 10 ಮಿಲಿಮೀಟರ್ (ಲೆನ್ಸಿನಿಂದ ಸ್ಯಾಂಪಲಿಗಿರುವ ದೂರ) ವರ್ಕಿಂಗ್ ಡಿಸ್ಟೆನ್ಸ್‌ನಲ್ಲಿ 5,000 ಪಟ್ಟು ಒಂದು, 20,000 ಪಟ್ಟು ಒಂದು ಚಿತ್ರ ತೆಗೆದು ತಾರೀಖಿನ ಹೆಸರಿನಲ್ಲಿ ಉಳಿಸುತ್ತೇವೆ. ಹತ್ತು ನಿಮಿಷದ ಕೆಲಸ. ಬುಕಿಂಗ್ ಸಮಯ ಹಾಳಾಗುತ್ತದೆಂದು ಇದಕ್ಕೆ ಮೊದಮೊದಲು ವಿರೋಧವಿತ್ತು. ಈ ಹತ್ತು ನಿಮಿಷವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ನಿಮ್ಮ ಚಿತ್ರ ಕೆಟ್ಟಿದೆ ಅನ್ನಿಸಿದ ಕೂಡಲೇ ನಿಮ್ಮ ಸ್ಯಾಂಪಲ್ ತೆಗೆದು ಕೆಂಪು ಚುಕ್ಕೆಯ ಸ್ಟಬ್ ಇಡಿ. ಬೆಳಗಿನ ಚಿತ್ರ ಯಾವ ಕಿಲೋವೋಲ್ಟ್, ಯಾವ ದೂರದಲ್ಲಿ ಬಂದಿತ್ತೋ ಅದರಲ್ಲೇ ನೋಡಿ. ಗೋಲಿಗಳು ಬೆಳಗಿನಷ್ಟೇ ಚೆನ್ನಾಗಿ ಕಂಡರೆ ದೋಷ ನಿಮ್ಮ ಸ್ಯಾಂಪಲಿನಲ್ಲಿದೆ, ಯಂತ್ರವನ್ನು ಮುಟ್ಟಬೇಡಿ. ಗೋಲಿಗಳೂ ಕೆಟ್ಟಿದ್ದರೆ ಕಾಲಮ್ ಅಥವಾ ಕೋಣೆ. ನನ್ನ ಅನುಭವದಲ್ಲಿ ದೂರುಗಳ ಬಹುಪಾಲು ಈ ಮೊದಲ ಹೆಜ್ಜೆಯಲ್ಲೇ ಸ್ಯಾಂಪಲಿನ ಕಡೆ ತಿರುಗುತ್ತವೆ.

ನಿರ್ವಾತದ ದೂರಿಗೂ ಇದೇ ತರ್ಕ. ಪಂಪ್ ಎಷ್ಟು ಹೊತ್ತು ಗಾಳಿ ಎಳೆದರೂ ಒತ್ತಡ ಇಳಿಯುತ್ತಿಲ್ಲವೆಂದರೆ ಸ್ಯಾಂಪಲ್ ತೆಗೆದು ಚೇಂಬರ್ ಖಾಲಿ ಮಾಡಿ ಮತ್ತೆ ಪಂಪ್ ಹಾಕಿ ಗಡಿಯಾರ ನೋಡಿ. ನಮ್ಮ ಯಂತ್ರ ಖಾಲಿಯಿದ್ದಾಗ ನಾಲ್ಕು ನಿಮಿಷದಲ್ಲಿ ಸಿದ್ಧವಾಗುತ್ತದೆ. ಖಾಲಿ ಚೇಂಬರ್ ನಾಲ್ಕೇ ನಿಮಿಷಕ್ಕೆ ಇಳಿದರೆ ಸೋರಿಕೆ ಯಂತ್ರದ್ದಲ್ಲ, ಸ್ಯಾಂಪಲ್ ಗಾಳಿಯನ್ನೋ ನೀರನ್ನೋ ಬಿಡುತ್ತಿದೆ.

ಗರಗಸದ ಹಲ್ಲು

ಈ ಬರಹದ ತಲೆಬರಹಕ್ಕೆ ಕಾರಣವಾದ ದೋಷವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇದನ್ನು ಹಿಡಿಯಲು ನಮಗೆ ಮೂರು ವಾರ ಬೇಕಾಯಿತು. ಸರಿಯಾದ ಕ್ರಮದಲ್ಲಿ ಹೋಗಿದ್ದರೆ ಮೂರು ಗಂಟೆ ಸಾಕಿತ್ತು.

ಸತು ಆಕ್ಸೈಡಿನ ನುಣ್ಣನೆಯ ಪುಡಿ ನೋಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದು, "ಸರ್, 20,000 ಪಟ್ಟಿಗೆ ಹೋದರೆ ಕಣಗಳ ಅಂಚು ಹಲ್ಲುಹಲ್ಲಾಗಿ ಕಾಣುತ್ತಿದೆ. ಬೆಳಗ್ಗೆ ಬಂದವರಿಗೆ ಚೆನ್ನಾಗಿಯೇ ಬಂದಿದೆ, ನನ್ನ ಸ್ಲಾಟಿನಲ್ಲಿ ಮಾತ್ರ ಹೀಗೆ" ಎಂದಳು. ಅವಳ ಸ್ಲಾಟ್ ಹನ್ನೊಂದರಿಂದ ಒಂದು ಗಂಟೆಯವರೆಗೆ. ಅವಳ ಮಾತಿನ ಕೊನೆಯ ಭಾಗವನ್ನು ನಾವು ಅಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಡಿ ಸರಿಯಾಗಿ ಅಂಟಿಲ್ಲ ಎಂದೆವು, ಕೋಟಿಂಗ್ ಕಡಿಮೆಯಾಗಿದೆ ಎಂದೆವು, ಫಿಲಮೆಂಟನ್ನೂ ಬದಲಿಸಿದೆವು. ಹಲ್ಲುಗಳು ಹಾಗೆಯೇ ಇದ್ದವು.

ಕೊನೆಗೆ ಕ್ರಮಕ್ಕೆ ಮರಳಿದೆವು. ತವರದ ಗೋಲಿ ಇಟ್ಟಾಗ ಅದರ ಅಂಚಿನಲ್ಲೂ ಅದೇ ಹಲ್ಲು. ಅಲ್ಲಿಗೆ ಸ್ಯಾಂಪಲ್ ಪಾರಾಯಿತು. ಇನ್ನು ಉಳಿದದ್ದು ಯಂತ್ರ ಅದುರುತ್ತಿದೆಯೋ, ಅಥವಾ ಎಲೆಕ್ಟ್ರಾನ್ ಕಿರಣವನ್ನು ಹೊರಗಿನ ಕಾಂತಕ್ಷೇತ್ರ ಎಳೆದಾಡುತ್ತಿದೆಯೋ ಎಂಬ ಪ್ರಶ್ನೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಇವನ್ನು ಬೇರ್ಪಡಿಸುವ ಪರೀಕ್ಷೆಗಳು ಸುಲಭ.

ಮೊದಲನೆಯದು ಕಿಲೋವೋಲ್ಟ್ ಬದಲಿಸುವುದು. ಮೇಜು ಅದುರಿದರೆ ಎಲೆಕ್ಟ್ರಾನಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ, ಹಲ್ಲಿನ ಉದ್ದ ಬದಲಾಗುವುದಿಲ್ಲ. ಕಾಂತಕ್ಷೇತ್ರ ಹಾಗಲ್ಲ. ನಿಧಾನದ ಎಲೆಕ್ಟ್ರಾನನ್ನು ಅದು ಹೆಚ್ಚು ಬಾಗಿಸುತ್ತದೆ, ವೋಲ್ಟೇಜಿನ ವರ್ಗಮೂಲಕ್ಕೆ ವಿಲೋಮವಾಗಿ. 20ರಿಂದ 5 ಕಿಲೋವೋಲ್ಟಿಗೆ ಇಳಿಸಿದರೆ ಬಾಗು ಎರಡು ಪಟ್ಟಾಗಬೇಕು. ನಾವು ಅಳೆದಾಗ 20 ಕಿಲೋವೋಲ್ಟಿನಲ್ಲಿ ಸುಮಾರು 40 ನ್ಯಾನೋಮೀಟರ್ ಇದ್ದ ಹಲ್ಲು 5ರಲ್ಲಿ 80ರ ಹತ್ತಿರಕ್ಕೆ ಬಂತು. ವರ್ಕಿಂಗ್ ಡಿಸ್ಟೆನ್ಸನ್ನು 8ರಿಂದ 20 ಮಿಲಿಮೀಟರಿಗೆ ಹೆಚ್ಚಿಸಿದಾಗ ಇನ್ನೂ ಬೆಳೆಯಿತು. ಕಿರಣ ಲೆನ್ಸಿನಿಂದ ಹೊರಬಿದ್ದು ಎಷ್ಟು ದೂರ ಬಯಲಿನಲ್ಲಿ ಸಾಗುತ್ತದೋ ಅಷ್ಟು ಹೊತ್ತು ಕಾಂತಕ್ಷೇತ್ರದ ಕೈಗೆ ಸಿಗುತ್ತದೆ.

ಎರಡನೆಯದು ಹಲ್ಲು ಎಣಿಸುವುದು. ಸ್ಕ್ಯಾನ್ ವೇಗವನ್ನು ಒಂದು ಸಾಲಿಗೆ 2 ಮಿಲಿಸೆಕೆಂಡ್ ಆಗುವಂತೆ ಇಟ್ಟು ಚಿತ್ರ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ ಒಂದು ಹಲ್ಲಿನ ತುದಿಯಿಂದ ಮುಂದಿನ ಹಲ್ಲಿನ ತುದಿಯವರೆಗೆ ಸಾಲುಗಳನ್ನು ಎಣಿಸಿದೆವು. ಹತ್ತು ಸಾಲು. ಹತ್ತು ಸಾಲಿಗೆ 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 50. ಗೋಡೆಯ ಪ್ಲಗ್ಗಿನಲ್ಲಿರುವ ವಿದ್ಯುತ್ತಿನ ಆವರ್ತನ ಅದು. ನಮ್ಮ ರೋಟರಿ ಪಂಪಿನ ಮೋಟಾರ್ ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ, ಸೆಕೆಂಡಿಗೆ 24. ಪಂಪಿನ ಅದುರಾಗಿದ್ದರೆ ಹಲ್ಲುಗಳ ನಡುವಿನ ಅಂತರ ಈ ಹತ್ತು ಸಾಲಿನ ಎರಡು ಪಟ್ಟಿಗಿಂತ ತುಸು ಹೆಚ್ಚಿರಬೇಕಿತ್ತು.

ಮೂರನೆಯದು, ಸ್ಕ್ಯಾನನ್ನು ಮೇನ್ಸ್ ಜೊತೆ ಹೊಂದಿಸುವ ಗುಂಡಿ. ಅದನ್ನು ಒತ್ತಿದರೆ ಪ್ರತಿ ಸಾಲೂ ವಿದ್ಯುತ್ ಅಲೆಯ ಒಂದೇ ಹಂತದಲ್ಲಿ ಶುರುವಾಗುತ್ತದೆ. ಒತ್ತಿದ ಕೂಡಲೇ ಹಲ್ಲುಗಳು ಮಾಯವಾಗಿ ಅಂಚು ನಯವಾಯಿತು. ಆರೋಪಿ 50 ಹರ್ಟ್ಸೇ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಆದರೆ ಒಂದು ಎಚ್ಚರ: ಇದರಿಂದ ದೋಷ ವಾಸಿಯಾಗುವುದಿಲ್ಲ, ಮರೆಯಾಗುತ್ತದೆ. ಎಲ್ಲ ಸಾಲುಗಳೂ ಒಂದೇ ರೀತಿ ಬಾಗಿರುವುದರಿಂದ ಅಂಚು ನೆಟ್ಟಗೆ ಕಾಣುತ್ತದೆ, ಚಿತ್ರದ ಆಕಾರ ಮಾತ್ರ ತಿರುಚಿಕೊಂಡೇ ಇರುತ್ತದೆ. ಆ ಗುಂಡಿ ಒತ್ತಿ ಕಣಗಳ ಗಾತ್ರ ಅಳೆದು ಪ್ರಬಂಧಕ್ಕೆ ಹಾಕುವುದು ತಪ್ಪು.

ಕಾಂತಕ್ಷೇತ್ರ ಎಲ್ಲಿಂದ ಬರುತ್ತಿದೆ? ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ, ತರಿಸಲು ಫೈಲು ಓಡಾಡಬೇಕು. ಬೋರ್‌ವೆಲ್ ಪಂಪಿನ ಮೋಟಾರ್ ಸುಟ್ಟರೆ ರೀವೈಂಡಿಂಗ್ ಮಾಡಿಕೊಡುವ ಅಂಗಡಿಗಳು ನಮ್ಮ ಕಡೆ ಊರೂರಿಗೂ ಇವೆ. ಅಂಥ ಒಬ್ಬ ಹಿರಿಯ ಮಿಸ್ತ್ರಿಯ ಬಳಿ ಹೋಗಿ, "ಕಾಕಾ, 11 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಸಾವಿರ ಸುತ್ತು ಸುತ್ತಿಕೊಡಿ" ಎಂದೆ. ಯಾವ ಮೋಟಾರಿಗೆಂದು ಕೇಳಿದರು. ಮೋಟಾರಿಗಲ್ಲ, ಕರೆಂಟಿನ ಜಾಡು ಹಿಡಿಯಲು ಎಂದಾಗ ಕುತೂಹಲದಿಂದ ತಾವೇ ಕೂತು ಎಣಿಸಿ ಸುತ್ತಿದರು. ಆ ಸುರುಳಿಯ ತುದಿಗಳನ್ನು ಮಲ್ಟಿಮೀಟರಿನ ಎಸಿ ಮಿಲಿವೋಲ್ಟ್ ರೇಂಜಿಗೆ ಸಿಕ್ಕಿಸಿದರೆ 50 ಹರ್ಟ್ಸಿನ ಪ್ರತಿ ಮೈಕ್ರೋಟೆಸ್ಲಾಗೆ ಸುಮಾರು 3 ಮಿಲಿವೋಲ್ಟ್ ತೋರಿಸುತ್ತದೆ. ಸುತ್ತುಗಳ ಸಂಖ್ಯೆ, ಸುರುಳಿಯ ವಿಸ್ತೀರ್ಣ, 314 (50ನ್ನು 2π ಯಿಂದ ಗುಣಿಸಿದ್ದು), ಕ್ಷೇತ್ರ, ಈ ನಾಲ್ಕನ್ನು ಗುಣಿಸಿದರೆ ಬರುವ ಲೆಕ್ಕ ಅದು. ಮೀಟರಿಗೆ ಹೋಗುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದುಕೊಳ್ಳಬೇಕು, ಇಲ್ಲದಿದ್ದರೆ ಅವೇ ಇನ್ನೊಂದು ಸುರುಳಿಯಾಗಿ ಸುಳ್ಳು ಹೇಳುತ್ತವೆ. ಒಂದೊಂದು ಜಾಗದಲ್ಲೂ ಸುರುಳಿಯನ್ನು ಮೂರು ದಿಕ್ಕಿಗೆ ತಿರುಗಿಸಿ ಅತಿ ಹೆಚ್ಚಿನದನ್ನು ಬರೆದುಕೊಳ್ಳಬೇಕು.

ಬೆಳಗ್ಗೆ ಒಂಬತ್ತಕ್ಕೆ ಕಾಲಮ್ಮಿನ ಪಕ್ಕ ಅರ್ಧ ಮಿಲಿವೋಲ್ಟಿನ ಆಸುಪಾಸು. ಹನ್ನೊಂದೂಕಾಲಕ್ಕೆ ಅದೇ ಜಾಗದಲ್ಲಿ 4. ಸುರುಳಿ ಹಿಡಿದು ಉತ್ತರದ ಗೋಡೆಯ ಕಡೆ ನಡೆದಂತೆ ಏರುತ್ತಾ ಹೋಗಿ ಗೋಡೆಯ ಬಳಿ 9 ಮುಟ್ಟಿತು. ಅಲ್ಲಿ ನಿಂತಿದ್ದಾಗಲೇ ತಟ್ಟನೆ ಅರ್ಧ ಮಿಲಿವೋಲ್ಟಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ 9. ಆಗ ನೆನಪಾಯಿತು, ಹಿಂದಿನ ವಾರ ತೆಗೆದ ಒಂದು ನಿಧಾನ ಸ್ಕ್ಯಾನಿನ ಚಿತ್ರದಲ್ಲಿ ಮೇಲಿನ ಅರ್ಧ ನೆಟ್ಟಗಿತ್ತು, ಕೆಳಗಿನ ಅರ್ಧ ಗರಗಸವಾಗಿತ್ತು. ಯಾವುದೋ ಯಂತ್ರ ತಾನಾಗಿ ಆನ್ ಆಗಿ ಆಫ್ ಆಗುತ್ತಿದೆ.

ಗೋಡೆಯ ಆಚೆ ಇನ್ನೊಂದು ವಿಭಾಗದ ಮಫಲ್ ಫರ್ನೇಸ್, ಅಂದರೆ ವಿದ್ಯುತ್ ಕುಲುಮೆ. ಹನ್ನೊಂದಕ್ಕೆ ಅವರ ಪ್ರಾಕ್ಟಿಕಲ್ ಶುರುವಾಗುತ್ತದೆ. ಬೇಕಾದ ಶಾಖ ಮುಟ್ಟಿದರೆ ಕಂಟ್ರೋಲರ್ ಕತ್ತರಿಸುತ್ತದೆ, ಆರಿದರೆ ಮತ್ತೆ ಹಾಕುತ್ತದೆ. ಫರ್ನೇಸ್ ವರ್ಷಗಳಿಂದ ಅಲ್ಲೇ ಇತ್ತು, ಹಾಗಾದರೆ ಈಗೇಕೆ? ಸಾಕೆಟ್ ಸುಟ್ಟಿದ್ದರಿಂದ ತಾತ್ಕಾಲಿಕವಾಗಿ ಬೇರೆ ಲೈನ್ ಎಳೆದಿದ್ದರು. ಫೇಸ್ ತಂತಿ ನಮ್ಮ ಗೋಡೆಯ ಗುಂಟ ಒಂದು ಬೋರ್ಡಿನಿಂದ, ನ್ಯೂಟ್ರಲ್ ಎದುರು ಗೋಡೆಯ ಇನ್ನೊಂದು ಬೋರ್ಡಿನಿಂದ. ಹೋಗುವ ತಂತಿ, ಬರುವ ತಂತಿ ಎರಡೂ ಅಂಟಿಕೊಂಡಿದ್ದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಬೇರೆಬೇರೆ ದಾರಿ ಹಿಡಿದರೆ ಇಡೀ ಕೋಣೆಯೇ ಒಂದು ಸುರುಳಿಯಾಗುತ್ತದೆ. ಒಂಟಿ ತಂತಿಯಲ್ಲಿ 30 ಆಂಪಿಯರ್ ಹರಿದರೆ 2 ಮೀಟರ್ ದೂರದಲ್ಲಿ 3 ಮೈಕ್ರೋಟೆಸ್ಲಾ. ನಮ್ಮ ಸುರುಳಿ ಗೋಡೆಯ ಬಳಿ ತೋರಿಸಿದ 9 ಮಿಲಿವೋಲ್ಟ್ ಹೆಚ್ಚೂಕಡಿಮೆ ಅದೇ.

ಎಲೆಕ್ಟ್ರಿಷಿಯನ್ ಬಂದು ಎರಡೂ ತಂತಿಗಳನ್ನು ಒಂದೇ ಪೈಪಿನಲ್ಲಿ, ಒಂದೇ ಬೋರ್ಡಿನಿಂದ ಎಳೆದರು. ಫರ್ನೇಸ್ ಪೂರ್ತಿ ಉರಿಯುತ್ತಿರುವಾಗಲೇ ಕಾಲಮ್ಮಿನ ಪಕ್ಕ 0.6 ಮಿಲಿವೋಲ್ಟ್. ಗೋಲಿಗಳ ಅಂಚು ನೆಟ್ಟಗಾಯಿತು. ಇಷ್ಟೆಲ್ಲದಕ್ಕೂ ಯಂತ್ರದ ಒಂದು ಸ್ಕ್ರೂ ಕೂಡ ತಿರುಗಿಸಬೇಕಾಗಿರಲಿಲ್ಲ.

ಅದುರಿನ ದೋಷ ಇದಕ್ಕಿಂತ ಸುಲಭ. ಕೋಣೆ ತಂಪುಮಾಡುವ ಎಸಿಯನ್ನು ಐದು ನಿಮಿಷ ನಿಲ್ಲಿಸಿ ನೋಡಿ. ಪಂಪಿನ ಹೋಸ್ ಯಂತ್ರದ ಚೌಕಟ್ಟಿಗೆ ತಾಗಿದೆಯೇ ಎಂದು ಕೈಯಾಡಿಸಿ ನೋಡಿ. ಮೇಜಿಗೆ ಯಾರಾದರೂ ಕುರ್ಚಿ ಒರಗಿಸಿದ್ದಾರೆಯೇ ಎಂದೂ ನೋಡಿ.

ಸ್ಯಾಂಪಲಿನ ದೋಷಗಳು

ಇಲ್ಲಿ ರಾಜ ಚಾರ್ಜಿಂಗ್. ಖಣದ ನೂಲನ್ನು ಹಾಗೆಯೇ ಟೇಪಿಗೆ ಅಂಟಿಸಿ 20 ಕಿಲೋವೋಲ್ಟಿನಲ್ಲಿ ನೋಡಿದರೆ ಎಳೆಗಳು ಕುರುಡಾಗುವಷ್ಟು ಬೆಳ್ಳಗಾಗುತ್ತವೆ, ಅಡ್ಡಡ್ಡ ಪಟ್ಟೆ ಬೀಳುತ್ತವೆ, ಚಿತ್ರ ನಿಂತಲ್ಲಿ ನಿಲ್ಲದೆ ತೆವಳುತ್ತದೆ. ಒಳಗೆ ಬಂದ ಎಲೆಕ್ಟ್ರಾನುಗಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಅಷ್ಟೇ ಕಾರಣ. ಸ್ಯಾಂಪಲಿನಿಂದ ಹೊರಬಂದು ಚಿತ್ರ ಕಟ್ಟುವ ಸೆಕೆಂಡರಿ ಎಲೆಕ್ಟ್ರಾನುಗಳ ಶಕ್ತಿ 50 ಎಲೆಕ್ಟ್ರಾನ್‌ವೋಲ್ಟಿಗಿಂತ ಕಡಿಮೆ, ಆದ್ದರಿಂದ ಮೇಲ್ಮೈಯಲ್ಲಿ ಕೂತ ಸ್ವಲ್ಪ ಚಾರ್ಜೂ ಅವುಗಳ ದಾರಿ ತಪ್ಪಿಸುತ್ತದೆ.

ಚಿನ್ನದ ಕೋಟಿಂಗ್ ಕಡಿಮೆಯಾಯಿತೆಂದು ಎಲ್ಲರೂ ಮೊದಲು ಹೇಳುತ್ತಾರೆ. 5ರಿಂದ 10 ನ್ಯಾನೋಮೀಟರ್ ಲೇಪ ಸಾಮಾನ್ಯವಾಗಿ ಸಾಕು. ಮತ್ತೆ ಮತ್ತೆ ಕೋಟ್ ಮಾಡಿದರೆ ಚಿನ್ನದ ಕಣಗಳನ್ನೇ ನಿಮ್ಮ ಸ್ಯಾಂಪಲಿನ ಕಣಗಳೆಂದು ನೋಡುತ್ತೀರಿ. ನಾನು ಮೊದಲು ನೋಡುವುದು ದಾರಿಯನ್ನು. ಮೇಲಿನ ಚಿನ್ನದ ಪದರದಿಂದ ಸ್ಟಬ್ಬಿನ ಲೋಹದವರೆಗೆ ಎಲ್ಲೂ ಕಡಿಯದ ದಾರಿ ಇದೆಯೇ? ದಪ್ಪ ಕಲ್ಲಿನ ಚೂರಿನ ತಲೆಗೆ ಚಿನ್ನ ಬಿದ್ದಿರುತ್ತದೆ, ಪಕ್ಕಗಳು ಬರಿದಾಗಿರುತ್ತವೆ. ಕಾರ್ಬನ್ ಟೇಪಿನ ಸಣ್ಣ ಪಟ್ಟಿಯನ್ನು ಸ್ಯಾಂಪಲಿನ ತಲೆಯಿಂದ ಸ್ಟಬ್ಬಿನವರೆಗೆ ಸೇತುವೆಯಂತೆ ಅಂಟಿಸಿ, ಅಥವಾ ಸಿಲ್ವರ್ ಪೇಸ್ಟಿನ ಒಂದು ಗೆರೆ ಎಳೆಯಿರಿ. ಪುಡಿಯಾದರೆ ತೆಳುವಾಗಿ ಉದುರಿಸಿ, ಅಂಟದೆ ಉಳಿದದ್ದನ್ನು ಊದಿ ತೆಗೆಯಿರಿ. ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿದಂತೆ ಗುಡ್ಡೆ ಹಾಕಿದ ಪುಡಿಯಲ್ಲಿ ಮೇಲಿನ ಕಣಕ್ಕೆ ನೆಲವೇ ಸಿಗುವುದಿಲ್ಲ. ಇಷ್ಟಾದ ಮೇಲೂ ಬೆಳ್ಳಗಾದರೆ ಕಿಲೋವೋಲ್ಟ್ ಇಳಿಸಿ. ಒಂದೆರಡು ಕಿಲೋವೋಲ್ಟಿನ ಬಳಿ ಹಲವು ವಸ್ತುಗಳಲ್ಲಿ ಬರುವ, ಹೋಗುವ ಎಲೆಕ್ಟ್ರಾನುಗಳ ಲೆಕ್ಕ ಸರಿದೂಗುತ್ತದೆ.

ಚಾರ್ಜಿಂಗನ್ನೂ ಕೊಳೆಯನ್ನೂ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. 50,000 ಪಟ್ಟಿನಲ್ಲಿ ಒಂದು ನಿಮಿಷ ಸ್ಕ್ಯಾನ್ ಮಾಡಿ 10,000ಕ್ಕೆ ಇಳಿಸಿ. ನಡುವೆ ಒಂದು ಚೌಕ ಕಂಡು, ನೋಡನೋಡುತ್ತ ಕರಗಿದರೆ ಚಾರ್ಜಿಂಗ್. ಕಪ್ಪಾಗಿ ಅಲ್ಲೇ ಉಳಿದರೆ ಎಣ್ಣೆಯ ಜಿಡ್ಡು. ಕಿರಣ ಆ ಜಿಡ್ಡನ್ನು ಅಲ್ಲೇ ಸುಟ್ಟು ಇಂಗಾಲದ ಪದರವಾಗಿ ಕೂರಿಸಿದೆ. ಎರಕದ ತುಂಡುಗಳಲ್ಲಿ ಕತ್ತರಿಸುವಾಗ ಹಾಕಿದ ಕೂಲಂಟ್ ಸೂಕ್ಷ್ಮ ರಂಧ್ರಗಳಲ್ಲಿ ಉಳಿದಿರುತ್ತದೆ. ಅಸಿಟೋನಿನಲ್ಲಿ, ಆಮೇಲೆ ಐಸೋಪ್ರೊಪನಾಲಿನಲ್ಲಿ ಅಲ್ಟ್ರಾಸಾನಿಕ್ ಮಾಡಿ ಒಣಗಿಸಿ. ಕೈಗವಸಿಲ್ಲದೆ ಸ್ಟಬ್ ಮುಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ಬೆರಳಿನ ಜಿಡ್ಡು ನಿಮ್ಮ ಸ್ಯಾಂಪಲಿನ ಜೊತೆ ಹೋಗುವುದಿಲ್ಲ, ಚೇಂಬರಿನಲ್ಲಿ ಉಳಿದು ಮುಂದಿನವರ ಚಿತ್ರವನ್ನೂ ಕೆಡಿಸುತ್ತದೆ.

ಉದ್ಯಮಬಾಗದಿಂದ ಬರುವವರಿಗೆ ಒಂದು ವಿಶೇಷ ಮಾತು. ಎಸ್‌ಜಿ ಐರನ್ನಿನ (ಗ್ರಾಫೈಟ್ ದುಂಡು ಉಂಡೆಗಳಾಗಿರುವ ಎರಕದ ಕಬ್ಬಿಣ) ಪಾಲಿಶ್ ಮಾಡಿದ ತುಂಡೊಂದರಲ್ಲಿ ಗ್ರಾಫೈಟ್ ಉಂಡೆಗಳೆಲ್ಲ ಓರೆಯಾಗಿ ಎಳೆದಂತೆ ಕಂಡವು. ಸ್ಟಿಗ್ಮೇಟರನ್ನು ಕೊನೆಯ ತುದಿಗೆ ಒಯ್ದರೂ ದುಂಡಗಾಗಲಿಲ್ಲ. ತವರದ ಗೋಲಿ ಇಟ್ಟಾಗ ಎಲ್ಲ ಸರಿ. ತಂದವರನ್ನು ಕೇಳಿದೆ: "ಇದನ್ನು ಸರ್ಫೇಸ್ ಗ್ರೈಂಡರಿನ ಮೇಲೆ ಹಿಡಿದಿದ್ದಿರಾ?" ಹೌದು, ಮ್ಯಾಗ್ನೆಟಿಕ್ ಚಕ್ಕಿನಲ್ಲಿ. ದಾರಕ್ಕೆ ಗುಂಡುಸೂಜಿ ಕಟ್ಟಿ ತುಂಡಿನ ಹತ್ತಿರ ತಂದಾಗ ಸೂಜಿ ಓಲಿ ಹೋಗಿ ಅಂಟಿಕೊಂಡಿತು. ತುಂಡೇ ಆಯಸ್ಕಾಂತವಾಗಿ ಕಿರಣವನ್ನು ತಿರುಚುತ್ತಿತ್ತು. ಅವರ ಟೂಲ್‌ರೂಮಿನಲ್ಲೇ ಡಿಮ್ಯಾಗ್ನೆಟೈಸರ್ ಇತ್ತು. ತುಂಡನ್ನು ಅದರ ಮೇಲಿಟ್ಟು, ಕರೆಂಟ್ ಹರಿಯುತ್ತಿರುವಾಗಲೇ ನಿಧಾನವಾಗಿ ತೋಳಿನಷ್ಟು ದೂರ ಎಳೆದು ತರಬೇಕು. ಹತ್ತಿರದಲ್ಲೇ ಸ್ವಿಚ್ ಆಫ್ ಮಾಡಿದರೆ ಮತ್ತೆ ಕಾಂತತ್ವ ಉಳಿಯುತ್ತದೆ. ಈಗ ಕಬ್ಬಿಣದ ಸ್ಯಾಂಪಲ್ ಯಾವುದೇ ಬರಲಿ, ಬಾಗಿಲಲ್ಲೇ ಸೂಜಿ ಪರೀಕ್ಷೆ ಮಾಡುತ್ತೇವೆ.

ದ್ರಾಕ್ಷಿ ಎಲೆ ಮತ್ತು ಮರಳುಗಲ್ಲಿನ ತೊಂದರೆ ನೀರು. ಕೈಗೆ ಒಣಗಿದಂತೆ ತೋರಿದ ಎಲೆಯಲ್ಲೂ ನಿರ್ವಾತವನ್ನು ಹಾಳುಮಾಡುವಷ್ಟು ನೀರಿರುತ್ತದೆ, ಚೇಂಬರಿನಲ್ಲಿ ಅದು ಹೊರಬರುವಾಗ ಎಲೆಯ ಮೇಲಿನ ಬೂದಿ ರೋಗದ ಎಳೆಗಳು ಸೊರಗಿ ಕುಸಿಯುತ್ತವೆ. ಎಥನಾಲಿನಲ್ಲಿ ಹಂತಹಂತವಾಗಿ ನೀರು ತೆಗೆದು ಕ್ರಿಟಿಕಲ್ ಪಾಯಿಂಟ್ ಡ್ರೈಯಿಂಗ್ (ಎಳೆಗಳು ಕುಸಿಯದಂತೆ ಒಣಗಿಸುವ ವಿಧಾನ) ಮಾಡಿಸಿಕೊಂಡೇ ಬನ್ನಿ. ಕಲ್ಲಾದರೆ ರಾತ್ರಿಯಿಡೀ ಓವನಿನಲ್ಲಿಡಿ, ಚೂರು ಸಣ್ಣದಿರಲಿ.

ಕಾಲಮ್ ಮತ್ತು ಚೇಂಬರ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಗಾಳಿಯಲ್ಲಿ ನೀರು ತುಂಬಿರುತ್ತದೆ. ಚೇಂಬರ್ ಬಾಗಿಲು ತೆರೆದಿಟ್ಟು ಮಾತಾಡುತ್ತ ನಿಂತರೆ ಒಳಗೋಡೆಗೆ ಅದು ಅಂಟುತ್ತದೆ, ಪಂಪ್ ಸಮಯ ಎರಡು ಪಟ್ಟಾಗುತ್ತದೆ. ಒಣ ನೈಟ್ರೋಜನ್ ಬಿಟ್ಟೇ ತೆರೆಯಿರಿ, ಸ್ಯಾಂಪಲ್ ಇಟ್ಟ ಕೂಡಲೇ ಮುಚ್ಚಿ. ಖಾಲಿ ಚೇಂಬರೂ ಇಳಿಯದಿದ್ದರೆ ಬಾಗಿಲಿನ ಓ-ರಿಂಗನ್ನು ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು ನೋಡಿ. ಸೋರಿಕೆಗೆ ಒಂದು ತಲೆಗೂದಲು ಸಾಕು. ಎಳೆ ಬಿಡದ ಬಟ್ಟೆಯಿಂದ ಒರೆಸಿ, ಗ್ರೀಸ್ ಸವರಬೇಡಿ.

ಫೋಕಸ್ ಹಿಂದೆ ಮುಂದೆ ಮಾಡಿದಾಗ ಚಿತ್ರ ಒಂದು ಬದಿಗೆ ಸರಿದರೆ ಅಪರ್ಚರ್ (ಕಿರಣ ಹಾಯುವ ಸಣ್ಣ ರಂಧ್ರ) ನಡುವಿಗಿಲ್ಲ, ಫೋಕಸನ್ನು ತಾನಾಗಿ ಹಿಂದೆ ಮುಂದೆ ಆಡಿಸುವ ವಾಬ್ಲರ್ ಹಾಕಿ ಕೂರಿಸಿ. ಸರಿಯದೆ, ಫೋಕಸಿನ ಈ ಕಡೆ ಒಂದು ದಿಕ್ಕಿಗೆ, ಆ ಕಡೆ ಅದಕ್ಕೆ ಲಂಬವಾಗಿ ಎಳೆದರೆ ಆಸ್ಟಿಗ್ಮ್ಯಾಟಿಸಂ. ಅಪರ್ಚರ್ ಮೊದಲು, ಸ್ಟಿಗ್ಮೇಟರ್ ಆಮೇಲೆ. ಈ ಕ್ರಮ ತಿರುಗಿಸಿದರೆ ಎರಡೂ ಕೈ ತಪ್ಪುತ್ತವೆ.

ಚಿತ್ರ ಇದ್ದಕ್ಕಿದ್ದಂತೆ ಕಪ್ಪಾಗಿ ಎಮಿಷನ್ ಕರೆಂಟ್ (ಫಿಲಮೆಂಟಿನಿಂದ ಹೊರಡುವ ಎಲೆಕ್ಟ್ರಾನ್ ಪ್ರವಾಹ) ಸೊನ್ನೆಯಾದರೆ ಫಿಲಮೆಂಟ್ ಹೋಗಿದೆ. ತೆಗೆಯುವ ಕೆಲಸ ತರಬೇತಿ ಪಡೆದವರದ್ದು, ಹೈವೋಲ್ಟೇಜ್ ಆಫ್ ಮಾಡಿ ಫಿಲಮೆಂಟ್ ಕೂತಿರುವ ಗನ್ ಆರಿದ ಮೇಲೆ. ತೆಗೆದದ್ದನ್ನು ಎಸೆಯಬೇಡಿ. ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಮುರಿದ ತುದಿ ನೋಡಿ. ತಂತಿ ಸವೆದು ಸಣ್ಣದಾಗಿ ಕಡಿದಿದ್ದರೆ ಆಯುಸ್ಸು ಮುಗಿದು ಹೋಗಿದೆ. ತುದಿ ಕರಗಿ ಸಣ್ಣ ಗುಂಡಾಗಿದ್ದರೆ ಯಾರೋ ಸ್ಯಾಚುರೇಷನ್ ದಾಟಿಸಿ ಕಾಯಿಸಿದ್ದಾರೆ. ಪ್ರಕಾಶ ಹೆಚ್ಚುವುದು ನಿಂತ ಬಿಂದುವಿಗಿಂತ ಮುಂದೆ ಕರೆಂಟ್ ಏರಿಸಿದರೆ ಚಿತ್ರಕ್ಕೆ ಲಾಭವಿಲ್ಲ, ತಂತಿಯ ಆಯುಸ್ಸು ಮಾತ್ರ ಕರಗುತ್ತದೆ.

ಸಿಮೆಂಟ್ ತರುವವರು ಚಿನ್ನದ ಕೋಟಿಂಗ್ ಕೇಳಬೇಡಿ. ಯಾವ ಮೂಲಧಾತು ಇದೆಯೆಂದು ಎಕ್ಸ್-ರೇ ನೋಡಿ ಹೇಳುವ ಇಡಿಎಸ್‌ನಲ್ಲಿ ಚಿನ್ನದ ಶಿಖರ 2.12, ಗಂಧಕದ್ದು 2.31 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಸಿಮೆಂಟಿಗೆ ಬೆರೆಸಿದ ಜಿಪ್ಸಮ್ಮಿನ ಸ್ವಲ್ಪ ಗಂಧಕ ಆ ದೊಡ್ಡ ಶಿಖರದ ಮಗ್ಗುಲಲ್ಲಿ ಮುಳುಗಿಹೋಗುತ್ತದೆ. ಕಾರ್ಬನ್ ಕೋಟಿಂಗ್ ಮಾಡಿಸಿ.

ಲಾಗ್ ಪುಸ್ತಕದಲ್ಲಿ

ಸರ್ವಿಸ್ ಇಂಜಿನಿಯರಿಗೆ ಫೋನ್ ಮಾಡುವ ಮೊದಲು ನಮಗೆ ಬೇಕಾದದ್ದು ಇಂಥ ನಾಲ್ಕು ಸಾಲು. ಹೋದ ವಾರ ಅದೇ ವಿದ್ಯಾರ್ಥಿನಿ ಬರೆದದ್ದನ್ನು ಹಾಗೆಯೇ ಕೊಡುತ್ತೇನೆ, ಹೊಸದಾಗಿ ಬರುವವರಿಗೆ ನಾನು ಈ ಪುಟವನ್ನೇ ತೋರಿಸುವುದು:

"ಬೆಳಗ್ಗೆ 11.40. 15 ಕಿಲೋವೋಲ್ಟ್, ದೂರ 10 ಮಿಲಿಮೀಟರ್, 20,000 ಪಟ್ಟು. ಚಿತ್ರ ನಿಧಾನವಾಗಿ ಬಲಕ್ಕೆ ಜಾರುತ್ತಿದೆ, ಅಂಚು ನೆಟ್ಟಗಿದೆ. ಕೆಂಪು ಚುಕ್ಕೆ ಸ್ಟಬ್ ಜಾರುತ್ತಿಲ್ಲ. ಪಂಪ್ ಸಮಯ 4 ನಿಮಿಷ. ನನ್ನ ಸ್ಟಬ್ಬಿನ ಟೇಪ್ ಒಂದು ಮೂಲೆಯಲ್ಲಿ ಎದ್ದಿತ್ತು. ಹೊಸ ಟೇಪ್ ಹಾಕಿ 12.10ಕ್ಕೆ ನೋಡಿದೆ, ನಿಂತಿದೆ. ಸ್ಟಿಗ್ಮೇಟರ್, ಅಪರ್ಚರ್ ಮುಟ್ಟಿಲ್ಲ."